ಸಾಕು ಹಾವಿನ ಪೆಟ್ಟಿಗೆಗೆ ಹೀಟರ್: ಯಾವುದನ್ನು ಕೊಳ್ಳಬಹುದು, ಯಾವುದು ಬೇಡ

ಥರ್ಮೋಸ್ಟಾಟ್, ಅಂದರೆ ಬಿಸಿಯನ್ನು ಅಳೆದು ಹೀಟರನ್ನು ಹತೋಟಿಯಲ್ಲಿಡುವ ಯಂತ್ರ, ಇಲ್ಲದೆ ಬಳಸುವ ಯಾವ ಹೀಟರ್ ಬಗ್ಗೆಯೂ ಈ ವಿಮರ್ಶೆಯಲ್ಲಿ ಒಳ್ಳೆಯ ಮಾತು ಸಿಗುವುದಿಲ್ಲ. ಪೆಟ್ಟಿಗೆಯ ತಳಕ್ಕೆ ಹಾಕುವ ಹೀಟ್ ಮ್ಯಾಟ್ ಆಗಲಿ, ಬಲ್ಬ್ ಆಗಲಿ, ದುಬಾರಿ ಪ್ಯಾನೆಲ್ ಆಗಲಿ, ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದರೆ ಪೂರ್ತಿ ಶಕ್ತಿಯಲ್ಲಿ ಕಾಯುತ್ತಲೇ ಇರುತ್ತದೆ. ತಣ್ಣನೆಯ ರಾತ್ರಿ ಹಿತವಾಗಿದ್ದ ಅದೇ ಕಾವು, ಮರುದಿನ ಮಧ್ಯಾಹ್ನ ಕೋಣೆ ಬಿಸಿಯಾದಾಗ ಹಾವಿನ ಹೊಟ್ಟೆ ಸುಡುತ್ತದೆ. ಹಾಗಾಗಿ ಹಣದ ಮೊದಲ ಪಾಲು ಥರ್ಮೋಸ್ಟಾಟಿಗೆ, ಮಿಕ್ಕಿದ್ದು ಹೀಟರಿಗೆ. ಹೊಸಬರಿಗೆಂದೇ ಮಾರುವ ಎಷ್ಟೋ ಕಿಟ್‌ಗಳಲ್ಲಿ ಮ್ಯಾಟ್ ಇರುತ್ತದೆ, ಗೋಡೆಗೆ ಅಂಟಿಸುವ ಡಯಲ್ ಥರ್ಮಾಮೀಟರ್ ಇರುತ್ತದೆ, ಥರ್ಮೋಸ್ಟಾಟ್ ಮಾತ್ರ ಇರುವುದಿಲ್ಲ. ಅಂಥ ಕಿಟ್ ಅಗ್ಗವಾಗಿ ಕಂಡರೂ ಕೊಳ್ಳಬೇಡಿ.

ಹಾವು ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಬಿಸಿ ಜಾಗಕ್ಕೂ ತಂಪು ಜಾಗಕ್ಕೂ ಓಡಾಡುತ್ತಾ ಹದ ಮಾಡಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯ ಉದ್ದಕ್ಕೂ ಒಂದೇ ಬಿಸಿ ಇರಬಾರದು. ಬಾಲ್ ಪೈಥಾನಿಗೆ ಬಿಸಿ ತುದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ತುದಿ 25ರಿಂದ 27 ಇದ್ದರೆ ಸರಿ. ಕಾರ್ನ್ ಸ್ನೇಕಿಗೆ ಬಿಸಿ ತುದಿ 29ರಿಂದ 31, ತಂಪು ತುದಿ 22ರಿಂದ 25 ಸಾಕು. ಎರಡೂ ತುದಿಯಲ್ಲಿ ಒಂದೊಂದು ಅಡಗುಗೂಡು ಇಡಬೇಕು. ಒಂದೇ ಗೂಡಿದ್ದರೆ ಹಾವು ಕಾವಿಗಿಂತ ಮರೆಯನ್ನೇ ಆರಿಸಿಕೊಂಡು, ಬೇಡದ ಬಿಸಿಯಲ್ಲೋ ಬೇಡದ ತಂಪಿನಲ್ಲೋ ದಿನಗಟ್ಟಲೆ ಸುರುಳಿ ಸುತ್ತಿ ಕೂರುತ್ತದೆ. ತಂಪಿನಲ್ಲೇ ಉಳಿದ ಹಾವು ನುಂಗಿದ ಇಲಿಯನ್ನು ಅರಗಿಸಲಾರದೆ ಕಕ್ಕುತ್ತದೆ. ಬಹಳ ದಿನ ಹಾಗೇ ಇದ್ದರೆ ಉಸಿರಾಟದ ಸೋಂಕು ಹಿಡಿದು ಬಾಯಲ್ಲಿ ನೊರೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಶುರುವಾಗುತ್ತದೆ.

ಥರ್ಮೋಸ್ಟಾಟ್

ಇದರಲ್ಲಿ ಮೂರು ಬಗೆ. ಆನ್-ಆಫ್ ಬಗೆಯದು ಹೇಳಿದ ಬಿಸಿ ಮುಟ್ಟಿದಾಗ ಕರೆಂಟ್ ಕಡಿಯುತ್ತದೆ, ಇಳಿದಾಗ ಮತ್ತೆ ಕೊಡುತ್ತದೆ. ಪಲ್ಸ್ ಬಗೆಯದು ಕರೆಂಟನ್ನು ಸಣ್ಣ ಸಣ್ಣ ತುಣುಕುಗಳಲ್ಲಿ ಬಿಡುತ್ತಾ ಬಿಸಿಯನ್ನು ಹೆಚ್ಚು ಏರಿಳಿತವಿಲ್ಲದೆ ಹಿಡಿದಿಡುತ್ತದೆ. ಡಿಮ್ಮಿಂಗ್ ಬಗೆಯದು ಫ್ಯಾನ್ ರೆಗ್ಯುಲೇಟರಿನ ಹಾಗೆ ಹೀಟರಿನ ಶಕ್ತಿಯನ್ನೇ ಏರಿಸಿ ಇಳಿಸುತ್ತದೆ. ಮ್ಯಾಟಿಗೆ ಆನ್-ಆಫ್ ಸಾಲುತ್ತದೆ, ಪಲ್ಸ್ ಇನ್ನೂ ಒಳ್ಳೆಯದು. ಬೆಳಕಿಲ್ಲದ ಸೆರಾಮಿಕ್ ಹೀಟರಿಗೆ ಪಲ್ಸ್ ಅಥವಾ ಡಿಮ್ಮಿಂಗ್. ಬೆಳಕು ಕೊಡುವ ಬಲ್ಬಿಗೆ ಡಿಮ್ಮಿಂಗ್ ಒಂದೇ ದಾರಿ. ಆನ್-ಆಫ್ ಕೊಟ್ಟರೆ ಬಲ್ಬ್ ದಿನವಿಡೀ ಹತ್ತಿ ಆರಿ ಹಾವಿನ ನೆಮ್ಮದಿ ಕೆಡಿಸುತ್ತದೆ, ಫಿಲಮೆಂಟ್ ಕೂಡ ಬೇಗ ಸುಟ್ಟುಹೋಗುತ್ತದೆ. ಪಲ್ಸ್ ಕೊಟ್ಟರೆ ಮಿಣುಕು ಇನ್ನೂ ಹೆಚ್ಚು.

ಆನ್-ಆಫ್ ಬಗೆಯಲ್ಲಿ ಹೆಚ್ಚು ಕಾಣುವುದು ಇಂಕ್‌ಬರ್ಡ್ ಐಟಿಸಿ-308. ಹಾವಿಗೆಂದೇ ಮಾಡಿದ್ದಲ್ಲ, ಬಿಸಿ ಮಾಡುವ ಸಾಧನಕ್ಕೊಂದು ಮತ್ತು ತಂಪು ಮಾಡುವ ಸಾಧನಕ್ಕೊಂದು ಸಾಕೆಟ್ ಇರುವ ಸಾಮಾನ್ಯ ಕಂಟ್ರೋಲರ್. ಮ್ಯಾಟಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಪ್ಯಾಕಿಂಗಿನಿಂದ ತೆಗೆದ ಹಾಗೇ ಬಳಸುವಂತಿಲ್ಲ. ಅದರಲ್ಲಿ ಎಚ್‌ಡಿ ಎಂಬ ಸೆಟ್ಟಿಂಗ್ ಇದೆ. ಹೇಳಿದ ಬಿಸಿಗಿಂತ ಎಷ್ಟು ಡಿಗ್ರಿ ಇಳಿದ ಮೇಲೆ ಹೀಟರ್ ಮತ್ತೆ ಹತ್ತಬೇಕು ಎಂಬುದು ಅದು. ಕಂಪನಿಯಿಂದ ಬರುವಾಗ 2 ಡಿಗ್ರಿಗೆ ಇರುತ್ತದೆ, ಅದನ್ನು 0.5ಕ್ಕೆ ಇಳಿಸಿ. ಎಎಚ್ ಎಂಬುದು ಬಿಸಿ ಮೀರಿದಾಗ ಕೂಗುವ ಅಲಾರಂ. ಮೊದಲೇ ಇರುವ ಅಂಕಿ ಹಾವಿನ ಪೆಟ್ಟಿಗೆಯ ಮಟ್ಟಿಗೆ ತೀರಾ ಎತ್ತರದ್ದು, ಬದಲಿಸದಿದ್ದರೆ ಅಲಾರಂ ಇದ್ದೂ ಇಲ್ಲದ ಹಾಗೆ. 32ಕ್ಕೆ ಇಟ್ಟ ಪೆಟ್ಟಿಗೆಯಲ್ಲಿ ಎಎಚ್ ಅನ್ನು 35ಕ್ಕೆ ತನ್ನಿ. ಬಲ್ಬಿಗೆ ಮಾತ್ರ ಈ ಯಂತ್ರ ಬೇಡ.

ಸರೀಸೃಪಗಳಿಗೆಂದೇ ಮಾಡುವವರಲ್ಲಿ ಹ್ಯಾಬಿಸ್ಟ್ಯಾಟ್ ಕಂಪನಿಯದು ಮ್ಯಾಟಿಗೆ ಬೇರೆ, ಪಲ್ಸಿಗೆ ಬೇರೆ, ಡಿಮ್ಮಿಂಗಿಗೆ ಬೇರೆ ಮಾದರಿ. ಕೊಳ್ಳುವಾಗ ಹೆಸರನ್ನಷ್ಟೇ ನೋಡದೆ ಯಾವ ಬಗೆಯದೆಂದು ಓದಿ ಕೊಳ್ಳಬೇಕು. ಹರ್ಪ್‌ಸ್ಟ್ಯಾಟ್‌ನಲ್ಲಿ ಒಂದೇ ಯಂತ್ರವನ್ನು ಮೂರರಲ್ಲಿ ಬೇಕಾದ ಬಗೆಗೆ ಹೊಂದಿಸಿಕೊಳ್ಳಬಹುದು, ಅಲಾರಂ ವ್ಯವಸ್ಥೆಯೂ ಗಟ್ಟಿ. ಮುಂದೆ ಹೀಟರ್ ಬದಲಿಸುವ ಯೋಚನೆ ಇರುವವರಿಗೆ ಇದೇ ಲಾಭ. ಯಾವುದನ್ನೇ ಕೊಂಡರೂ ಅದು ಎಷ್ಟು ವಾಟ್ ತಡೆಯುತ್ತದೆ ಎಂದು ಲೇಬಲ್ ನೋಡಿ. ಮ್ಯಾಟಿಗೆಂದು ಮಾಡಿದ ಸಣ್ಣ ಥರ್ಮೋಸ್ಟಾಟಿಗೆ 150 ವಾಟಿನ ಸೆರಾಮಿಕ್ ಸಿಕ್ಕಿಸಿದರೆ ಒಳಗಿನ ಸ್ವಿಚ್ ಕಾದು ಅಂಟಿಕೊಳ್ಳಬಹುದು.

ಥರ್ಮೋಸ್ಟಾಟ್ ಕೈಕೊಡುವುದು ಹೆಚ್ಚಾಗಿ ಅದರ ಪ್ರೋಬಿನಿಂದ, ಅಂದರೆ ತಂತಿಯ ತುದಿಯಲ್ಲಿರುವ ಬಿಸಿ ಅಳೆಯುವ ಮೂತಿಯಿಂದ. ಹಾವು ತೆವಳುವಾಗ ಪ್ರೋಬನ್ನು ತಂಪು ಕಡೆಗೆ ತಳ್ಳಿದರೆ ಯಂತ್ರಕ್ಕೆ ಪೆಟ್ಟಿಗೆ ತಣ್ಣಗಿದೆ ಎಂದೇ ಲೆಕ್ಕ, ಹೀಟರ್ ನಿಲ್ಲುವುದೇ ಇಲ್ಲ. ನೀರಿನ ಬಟ್ಟಲು ಚೆಲ್ಲಿಯೋ ಮೂತ್ರದಿಂದಲೋ ಒದ್ದೆಯಾದ ಪ್ರೋಬ್ ಆರುವ ತನಕ ತಂಪನ್ನೇ ತೋರಿಸುತ್ತದೆ, ಅಷ್ಟು ಹೊತ್ತೂ ಬಿಸಿ ಏರುತ್ತದೆ. ಪ್ರೋಬನ್ನು ಅಲ್ಲಾಡದಂತೆ ಕಟ್ಟಬೇಕು, ಆದರೆ ಪೆಟ್ಟಿಗೆಯ ಒಳಗೆ ಅಂಟು ಟೇಪ್ ಬಳಸಲೇಬಾರದು. ಬಿಸಿಗೆ ಟೇಪ್ ಬಿಟ್ಟುಕೊಂಡು ಹಾವಿನ ಮೈಗೆ ಅಂಟುತ್ತದೆ, ಎಳೆದರೆ ಹುರುಪೆಯ ಜೊತೆ ಚರ್ಮವೂ ಕಿತ್ತುಬರುತ್ತದೆ. ವೈರ್ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪನ್ನು ಸ್ಕ್ರೂ ಹಾಕಿ ಕೂರಿಸುವುದು ಒಳ್ಳೆಯ ಉಪಾಯ. ಗಾಜಿನ ಪೆಟ್ಟಿಗೆಯಾದರೆ ಪ್ರೋಬ್ ತಂತಿಯನ್ನು ಸಕ್ಷನ್ ಕಪ್ಪಿಗೆ ಕಟ್ಟಿ, ವಾರಕ್ಕೊಮ್ಮೆ ಹಿಡಿತ ನೋಡಿ.

ಇನ್ನೊಂದು ದೋಷ ಯಂತ್ರದ ಒಳಗಿನದು: ಸ್ವಿಚ್ ‘ಆನ್’ನಲ್ಲೇ ಸಿಕ್ಕಿಕೊಳ್ಳುವುದು. ಇದಕ್ಕೆ ಮದ್ದು ಎರಡನೇ ಥರ್ಮೋಸ್ಟಾಟ್. ಗೋಡೆಯ ಸಾಕೆಟ್ಟಿಗೆ ಒಂದು ಸಾದಾ ಆನ್-ಆಫ್, ಅದರ ಸಾಕೆಟ್ಟಿಗೆ ಮುಖ್ಯ ಥರ್ಮೋಸ್ಟಾಟ್, ಅದಕ್ಕೆ ಹೀಟರ್. ಎರಡರ ಪ್ರೋಬೂ ಅಕ್ಕಪಕ್ಕ ಇರಬೇಕು. ಸಾದಾ ಯಂತ್ರವನ್ನು ಮುಖ್ಯ ಯಂತ್ರಕ್ಕಿಂತ 3 ಡಿಗ್ರಿ ಮೇಲಕ್ಕೆ ಹೊಂದಿಸಿ. ಎಲ್ಲ ಸರಿ ಇರುವವರೆಗೆ ಅದಕ್ಕೆ ಕೆಲಸವೇ ಇಲ್ಲ, ಮುಖ್ಯ ಯಂತ್ರ ಸಿಕ್ಕಿಕೊಂಡ ದಿನ ಅದೇ ಹಾವಿನ ಜೀವ ಉಳಿಸುತ್ತದೆ. ಮನೆಯಲ್ಲಿ ದಿನವಿಡೀ ಯಾರೂ ಇರದಿದ್ದರೆ ಇದನ್ನು ಐಚ್ಛಿಕ ಎಂದು ನಾವು ಹೇಳಲಾರೆವು.

ಹೀಟ್ ಮ್ಯಾಟ್

ಅತಿ ಹೆಚ್ಚು ಮಾರಾಟವಾಗುವುದೂ ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಇದೇ. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಕಾಗದದ ಹಾಸು, ಮರಿ ಕಾರ್ನ್ ಸ್ನೇಕ್ ಇಷ್ಟಿದ್ದರೆ ಮ್ಯಾಟ್ ಒಳ್ಳೆಯ ಆಯ್ಕೆ. ಕಡಿಮೆ ವಾಟ್, ಬೆಳಕಿಲ್ಲ, ಗಾಳಿಯ ತೇವ ಅಷ್ಟಾಗಿ ಒಣಗುವುದಿಲ್ಲ. ಆದರೆ ಇದು ನೆಲವನ್ನು ಕಾಯಿಸುತ್ತದೆಯೇ ಹೊರತು ಗಾಳಿಯನ್ನಲ್ಲ. ಕೋಣೆಯೇ ಬಹಳ ತಣ್ಣಗಿದ್ದರೆ ದೊಡ್ಡ ಪೆಟ್ಟಿಗೆಯಲ್ಲಿ ಹೊಟ್ಟೆ ಬಿಸಿ, ಬೆನ್ನು ತಣ್ಣಗೆ ಎಂಬ ಸ್ಥಿತಿ.

ಮ್ಯಾಟ್ ಪೆಟ್ಟಿಗೆಯ ತಳದ ಮೂರನೇ ಒಂದು ಭಾಗವನ್ನು ಮೀರಬಾರದು, ಅದೂ ಒಂದು ತುದಿಯಲ್ಲಿ. ಪೆಟ್ಟಿಗೆಯ ನಾಲ್ಕು ಮೂಲೆಗೆ ರಬ್ಬರ್ ಕಾಲು ಕೊಟ್ಟು, ಮ್ಯಾಟಿನ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು. ಮೇಜಿಗೂ ಗಾಜಿಗೂ ನಡುವೆ ಒತ್ತಿಕೊಂಡ ಮ್ಯಾಟಿನ ಬಿಸಿ ಹೋಗಲು ದಾರಿಯಿಲ್ಲದೆ ಒಂದೇ ಕಡೆ ಏರಿ ಗಾಜು ಸೀಳುತ್ತದೆ. ಮ್ಯಾಟಿನ ಮೇಲಿನ ಭಾಗದಲ್ಲಿ ಭಾರದ ಕಲ್ಲು, ನೀರು ತುಂಬಿದ ದೊಡ್ಡ ಬಟ್ಟಲು ಇಡಬಾರದು ಎನ್ನುವುದೂ ಅದಕ್ಕೇ. ಪ್ರೋಬ್ ಇಡಲು ನಮ್ಮ ಮೆಚ್ಚಿನ ಜಾಗ ಹೊರಗಡೆ, ಗಾಜಿಗೂ ಮ್ಯಾಟಿಗೂ ನಡುವೆ. ಅಲ್ಲಿ ಹಾವಿನ ಕಾಟವಿಲ್ಲ, ನೀರಿನ ಕಾಟವಿಲ್ಲ. ಒಳಗಿನ ನೆಲ ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆ ಇರುತ್ತದೆ, ಅಳೆದು ನೋಡಿ ಥರ್ಮೋಸ್ಟಾಟಿನ ಅಂಕಿಯನ್ನು ಅಷ್ಟು ಏರಿಸಿಕೊಂಡರಾಯಿತು.

ಹಾಸಿನ ದಪ್ಪದ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಮೇಲೆ ಬಿಸಿ ಹೆಚ್ಚಾಯಿತೆಂದು ತೆಂಗಿನ ನಾರಿನ ಪುಡಿಯನ್ನೋ ಮರದ ಚಕ್ಕೆಯನ್ನೋ ಇನ್ನಷ್ಟು ಸುರಿಯುತ್ತಾರೆ. ದಪ್ಪ ಹಾಸು ಕಂಬಳಿಯ ಹಾಗೆ. ಮೇಲ್ಮೈ ತಣ್ಣಗಾಗುತ್ತದೆ, ತಳದ ಗಾಜು ಇನ್ನಷ್ಟು ಕಾಯುತ್ತದೆ. ಹಾವು ಬಿಸಿ ಹುಡುಕುತ್ತಾ ಹಾಸನ್ನು ಕೊರೆದುಕೊಂಡು ನೇರವಾಗಿ ಆ ಗಾಜಿನ ಮೇಲೆ ಹೋಗಿ ಮಲಗುತ್ತದೆ. ಅದರ ಮೈಯೇ ಮುಚ್ಚಳವಾಗಿ ಕೆಳಗಿನ ಬಿಸಿ ಮತ್ತಷ್ಟು ಏರುತ್ತದೆ. ಮ್ಯಾಟಿನ ಮೇಲೆ ಹಾಸು ಎರಡು ಸೆಂಟಿಮೀಟರ್ ಮೀರದಿರಲಿ. ಬಿಲ ಕೊರೆಯುವ ಜಾತಿಯ ಹಾವಿಗೆ, ದಪ್ಪ ಹಾಸು ಬೇಕೆನ್ನುವವರಿಗೆ ಮ್ಯಾಟ್ ಹೇಳಿಸಿದ್ದೇ ಅಲ್ಲ.

ಹಾವು ಸುಡುವ ಜಾಗದಿಂದ ತಾನಾಗಿ ಎದ್ದುಹೋಗುತ್ತದೆ ಎಂದು ನಂಬಿ ಕೂರಬಾರದು. ಹೊಟ್ಟೆಯ ಕಡೆಯಿಂದ ಬರುವ ಬಿಸಿಗೆ ಹಾವುಗಳು ಬೇಗ ಪ್ರತಿಕ್ರಿಯಿಸುವುದಿಲ್ಲ, ಸುಡುತ್ತಿದ್ದರೂ ಮಲಗಿಯೇ ಇರುವುದುಂಟು. ಸುಟ್ಟ ಗುರುತು ಮೊದಲಿಗೆ ಹೊಟ್ಟೆಯ ಹುರುಪೆಗಳ ಮೇಲೆ ತಿಳಿಗೆಂಪು ಬಣ್ಣವಾಗಿ ಕಾಣುತ್ತದೆ, ಆಮೇಲೆ ನೀರುಗುಳ್ಳೆ, ಕಂದು ಕಲೆ. ಗಾಯ ಎಷ್ಟು ಆಳ ಎನ್ನುವುದು ಗೊತ್ತಾಗಲು ಕೆಲವು ದಿನ ಬೇಕು. ಅನುಮಾನ ಬಂದ ಕೂಡಲೇ ಹೀಟರ್ ಆರಿಸಿ, ಸುಟ್ಟ ಭಾಗಕ್ಕೆ ತಣ್ಣೀರು ಸೋಕಿಸಿ. ಮಂಜುಗಡ್ಡೆ ಬೇಡ. ಎಣ್ಣೆ, ಟೂತ್‌ಪೇಸ್ಟ್, ಮನೆಯ ಮುಲಾಮು ಯಾವುದನ್ನೂ ಹಚ್ಚದೆ, ಹಾಸು ತೆಗೆದು ಬಿಳಿ ಟಿಶ್ಯೂ ಕಾಗದ ಹರಡಿ, ಸರೀಸೃಪಗಳ ಅನುಭವ ಇರುವ ಪಶುವೈದ್ಯರಿಗೆ ತೋರಿಸಿ. ವಾಸಿಯಾಗಲು ಹಲವು ಸಲ ಪೊರೆ ಬಿಡಬೇಕಾಗುತ್ತದೆ, ಕಲೆ ಉಳಿದೇ ಉಳಿಯಬಹುದು.

ಮ್ಯಾಟನ್ನು ಮಡಚಬಾರದು, ಕತ್ತರಿಸಬಾರದು, ಅಂಟಿಸಿದ್ದನ್ನು ಕಿತ್ತು ಇನ್ನೊಂದು ಪೆಟ್ಟಿಗೆಗೆ ಬಳಸಬಾರದು. ಕೀಳುವಾಗ ಒಳಗಿನ ಪಟ್ಟಿ ಹರಿದು ಅಲ್ಲಲ್ಲಿ ಅತಿಯಾಗಿ ಕಾಯುತ್ತದೆ. ಎಲ್ಲಾದರೂ ಕಂದು ಮಚ್ಚೆ ಕಂಡರೆ ಮ್ಯಾಟಿನ ಆಯುಸ್ಸು ಮುಗಿಯಿತೆಂದೇ ಅರ್ಥ.

ಬಿಸಿ ಕಲ್ಲು ಎಂದು ಮಾರುವ ವಸ್ತುವಿಗೆ ಮ್ಯಾಟಿನಷ್ಟೂ ಜಾಗ ಕೊಡಬೇಕಿಲ್ಲ. ಒಳಗೆ ತಂತಿ ಇರುವ ಈ ಕಲ್ಲು ಸಮನಾಗಿ ಕಾಯುವುದಿಲ್ಲ, ಒಂದು ಕಡೆ ಬೆಚ್ಚಗಿದ್ದರೆ ಇನ್ನೊಂದು ಕಡೆ ಸುಡುತ್ತದೆ. ಹಾವು ಅದನ್ನೇ ಅಪ್ಪಿಕೊಂಡು ಮಲಗುತ್ತದೆ. ಕೊಳ್ಳಬೇಡಿ, ಯಾರಾದರೂ ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಮನುಷ್ಯರ ಬೆನ್ನುನೋವಿನ ಹೀಟಿಂಗ್ ಪ್ಯಾಡ್ ಕೂಡ ಈ ಕೆಲಸಕ್ಕಲ್ಲ. ಎಷ್ಟೋ ಪ್ಯಾಡ್‌ಗಳು ಸ್ವಲ್ಪ ಹೊತ್ತಿಗೆ ತಾವಾಗಿ ಆರುತ್ತವೆ, ಆರದಂಥವು ದಿನವಿಡೀ ಉರಿಯಲು ಮಾಡಿದವಲ್ಲ.

ಮೇಲಿನಿಂದ ಬರುವ ಕಾವು

ಬೆಳೆದ ಹಾವಿನ ದೊಡ್ಡ ಪೆಟ್ಟಿಗೆಗೆ ನಮ್ಮ ಒಲವು ಮೇಲಿನಿಂದ ಬರುವ ಕಾವಿನ ಕಡೆಗೇ. ಗಾಳಿಯೂ ಬೆಚ್ಚಗಾಗುತ್ತದೆ, ಹಾಸು ಎಷ್ಟು ದಪ್ಪ ಇದ್ದರೂ ಆತಂಕವಿಲ್ಲ, ಬಿಸಿಯಾದ ಹಾವು ಹಾಸಿನೊಳಕ್ಕೆ ಇಳಿದು ತಂಪಾಗಬಹುದು. ಮ್ಯಾಟಿನ ಮೇಲಾದರೆ ಕೆಳಗಿಳಿದಷ್ಟೂ ಬಿಸಿ.

ಹಗಲಿಗೆ ಹ್ಯಾಲೊಜನ್ ಫ್ಲಡ್ ಬಲ್ಬ್ ಅತ್ಯುತ್ತಮ. ಸೂರ್ಯನ ಕಾವಿನಲ್ಲಿರುವ ಇನ್‌ಫ್ರಾರೆಡ್-ಎ ಕಿರಣ ಇದರಲ್ಲಿ ಧಾರಾಳ, ಅದು ಚರ್ಮದ ಮೇಲಷ್ಟೇ ನಿಲ್ಲದೆ ಮಾಂಸಖಂಡದವರೆಗೆ ಇಳಿಯುತ್ತದೆ. ಬೆಳಕನ್ನು ಚೂಪಾಗಿ ಒಂದೇ ಬಿಂದುವಿಗೆ ಬಿಡುವ ಸ್ಪಾಟ್ ಬಲ್ಬ್ ಬೇಡ, ಸುರುಳಿ ಸುತ್ತಿದ ಹಾವಿನ ಪೂರ್ತಿ ಮೈಗೆ ತಗಲುವ ಹರಹು ಇರುವ ಫ್ಲಡ್ ಬೇಕು. ರಾತ್ರಿ ಇದನ್ನು ಆರಿಸಲೇಬೇಕು. ‘ಹಾವಿಗೆ ಕಾಣಿಸುವುದಿಲ್ಲ’ ಎಂದು ಹೇಳಿ ಮಾರುವ ಕೆಂಪು ಬಲ್ಬನ್ನು ನಂಬಬೇಡಿ, ಅದರ ಬೆಳಕೂ ರಾತ್ರಿಯ ಕತ್ತಲನ್ನು ಕೆಡಿಸುತ್ತದೆ.

ಸೆರಾಮಿಕ್ ಹೀಟರ್ ರಾತ್ರಿಗೆ ಹೇಳಿಮಾಡಿಸಿದ್ದು. ಬೆಳಕಿಲ್ಲ, ವರ್ಷಗಟ್ಟಲೆ ಬಾಳುತ್ತದೆ, ಗಾಳಿಯನ್ನು ಕಾಯಿಸುತ್ತದೆ. ಆದರೆ ಇಡೀ ಪಟ್ಟಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದೂ ಇದಕ್ಕೇ, ಏಕೆಂದರೆ ಹೊಳೆಯದೆಯೇ ಇದರ ಮೈ 200 ಡಿಗ್ರಿ ದಾಟುತ್ತದೆ. ಹೋಲ್ಡರ್ ಪಿಂಗಾಣಿಯದೇ ಆಗಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗಿ ಹೀಟರ್ ಕೆಳಗೆ ಬೀಳುತ್ತದೆ. ಪೆಟ್ಟಿಗೆಯ ಒಳಗೆ ಕೂರಿಸಿದರೆ ಸುತ್ತಲೂ ತಂತಿ ಜಾಲರಿಯ ಗಾರ್ಡ್ ಇರಲೇಬೇಕು. ಜಾಲರಿಯ ಕಣ್ಣು ಹಾವಿನ ತಲೆ ತೂರದಷ್ಟು ಸಣ್ಣದಿರಲಿ, ಹೀಟರಿಗೂ ಜಾಲರಿಗೂ ನಡುವೆ ನಾಲ್ಕೈದು ಸೆಂಟಿಮೀಟರ್ ಅಂತರ ಇರಲಿ, ಇಲ್ಲದಿದ್ದರೆ ಜಾಲರಿಯೇ ಕಾದು ಸುಡುತ್ತದೆ. ಗಾರ್ಡನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಬಾಲ್ ಪೈಥಾನ್ ನೆಲದ ಹಾವೆಂದು ಗಾರ್ಡ್ ಬಿಟ್ಟವರ ಹಾವುಗಳೇ ಹತ್ತಿ ಹೀಟರಿಗೆ ಸುತ್ತಿಕೊಂಡು ಸುಟ್ಟುಕೊಳ್ಳುತ್ತವೆ. ಬಲ್ಬ್ ಹ್ಯಾಲೊಜನ್ ಆದರೂ ಇದೇ ನಿಯಮ. ಆರಿಸಿದ ಮೇಲೆ ಕೈ ಹಾಕುವ ಮುಂಚೆ ಅರ್ಧ ಗಂಟೆ ಬಿಡಿ.

ಗಾಜಿನ ಪೆಟ್ಟಿಗೆಯ ಜಾಲರಿ ಮುಚ್ಚಳದ ಮೇಲೆ ಗುಮ್ಮಟ ದೀಪ ಇಡುವ ಪದ್ಧತಿಯಲ್ಲಿ ಎರಡು ತೊಂದರೆ. ಬಿಸಿಯೂ ತೇವವೂ ಜಾಲರಿಯಿಂದ ಹೊರಟುಹೋಗುತ್ತವೆ, ದೀಪದ ಅಡಿಯ ಜಾಲರಿಗೆ ಹಾವು ಮೂತಿ ಉಜ್ಜಿದರೆ ಸುಡುತ್ತದೆ. ದೀಪವನ್ನು ಕ್ಲಿಪ್ಪಿನಲ್ಲಿ ಕಚ್ಚಿಸಿ ಬಿಡುವುದು ಇನ್ನೂ ಕೆಟ್ಟದ್ದು. ಕ್ಲಿಪ್ ಜಾರಿ ಉರಿಯುವ ದೀಪ ಒಣ ಹಾಸಿನ ಮೇಲೋ ಪರದೆಯ ಮೇಲೋ ಬಿದ್ದರೆ ಹೊತ್ತಿಕೊಳ್ಳುವುದು ಹಾವಿನ ಪೆಟ್ಟಿಗೆ ಮಾತ್ರವಲ್ಲ. ದೀಪವನ್ನು ಸರಪಳಿಯಲ್ಲಿ ಮೇಲಿನಿಂದ ತೂಗುಹಾಕಿ.

ಆರ್ಕೇಡಿಯಾ ಕಂಪನಿಯ ಡೀಪ್ ಹೀಟ್ ಪ್ರೊಜೆಕ್ಟರ್ ಹ್ಯಾಲೊಜನ್, ಸೆರಾಮಿಕ್ ಈ ಎರಡರ ನಡುವಿನದು. ಸೆರಾಮಿಕ್‌ನ ಹಾಗೆ ಬೆಳಕಿಲ್ಲ, ಆದರೆ ಮೈಯೊಳಕ್ಕೆ ಇಳಿಯುವ ಇನ್‌ಫ್ರಾರೆಡ್-ಎ ಮತ್ತು ಬಿ ಕಿರಣ ಕೊಡುತ್ತದೆ. ರಾತ್ರಿಯೂ ತಣ್ಣಗಿರುವ ಕೋಣೆಯಲ್ಲಿ ಒಂದೇ ಹೀಟರಿನಲ್ಲಿ ಹಗಲು ರಾತ್ರಿ ಮುಗಿಸಬೇಕೆಂದರೆ ಇದನ್ನೇ ಹೇಳುತ್ತೇವೆ. ಗಾಳಿಯನ್ನು ಕಾಯಿಸುವುದರಲ್ಲಿ ಸೆರಾಮಿಕ್‌ಗಿಂತ ಹಿಂದೆ. ಡಿಮ್ಮಿಂಗ್ ಥರ್ಮೋಸ್ಟಾಟ್, ಪಿಂಗಾಣಿ ಹೋಲ್ಡರ್, ಗಾರ್ಡ್ ಇದಕ್ಕೂ ಬೇಕು.

ರೇಡಿಯಂಟ್ ಪ್ಯಾನೆಲ್ ಚಾವಣಿಗೆ ಸ್ಕ್ರೂ ಹಾಕಿ ಕೂರಿಸುವ ಚಪ್ಪಟೆ ಹಲಗೆ. ಬಿಸಿ ಅಗಲವಾಗಿ ಹರಡುವುದರಿಂದ ಅದರ ಮೈ ಸೆರಾಮಿಕ್‌ನಷ್ಟು ಕಾಯುವುದಿಲ್ಲ, ಹಾವು ಸುತ್ತಿಕೊಳ್ಳಲು ಹಿಡಿತವೂ ಇಲ್ಲ. ಮರದ ಅಥವಾ ಪಿವಿಸಿಯ ದೊಡ್ಡ ಪೆಟ್ಟಿಗೆ, ಹತ್ತುವ ಹಾವು, ದೀರ್ಘಕಾಲದ ಯೋಚನೆ ಇದ್ದವರಿಗೆ ಇದಕ್ಕಿಂತ ನೆಮ್ಮದಿಯದು ಇನ್ನೊಂದಿಲ್ಲ. ಮೊದಲ ಖರ್ಚು ಹೆಚ್ಚು, ಜಾಲರಿ ಮುಚ್ಚಳದ ಗಾಜಿನ ಪೆಟ್ಟಿಗೆಗೆ ಹೊಂದುವುದಿಲ್ಲ.

ಎಷ್ಟು ವಾಟ್, ಹೇಗೆ ಪರೀಕ್ಷೆ

120 ಸೆಂ.ಮೀ. ಉದ್ದ, 60 ಅಗಲ, 60 ಎತ್ತರದ ಮರದ ಪೆಟ್ಟಿಗೆಗೆ 100 ವಾಟಿನ ಸೆರಾಮಿಕ್ ಅಥವಾ 80 ವಾಟಿನ ಡೀಪ್ ಹೀಟ್ ಪ್ರೊಜೆಕ್ಟರಿನಿಂದ ಶುರುಮಾಡಬಹುದು. ಗಾಜಿನದಕ್ಕೆ ಹೆಚ್ಚು ಬೇಕಾದೀತು. ದೊಡ್ಡದಿದ್ದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಥರ್ಮೋಸ್ಟಾಟ್ ಕೈಕೊಟ್ಟ ದಿನ 60 ವಾಟ್ ಪೆಟ್ಟಿಗೆಯನ್ನು ಸೆಕೆಗೆ ತಂದರೆ 150 ವಾಟ್ ಒಲೆ ಮಾಡುತ್ತದೆ.

ಹಾವು ತರುವ ಮುಂಚೆ ಖಾಲಿ ಪೆಟ್ಟಿಗೆಯಲ್ಲೇ ಎಲ್ಲವನ್ನೂ ಜೋಡಿಸಿ ಮೂರು ದಿನ ಓಡಿಸಿ. ಹಾಸು, ಗೂಡು, ನೀರಿನ ಬಟ್ಟಲು ಎಲ್ಲ ಅದರದರ ಜಾಗದಲ್ಲಿರಲಿ. ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ ಎರಡೂ ತುದಿ ಅಳೆದು ಬರೆದಿಡಿ. ಡಿಮ್ಮಿಂಗ್ ಥರ್ಮೋಸ್ಟಾಟ್ ಸದಾ ಪೂರ್ತಿ ಶಕ್ತಿಯಲ್ಲೇ ಇದ್ದರೆ ಹೀಟರ್ ಸಣ್ಣದು, ಕಾಲು ಭಾಗಕ್ಕಿಂತ ಕೆಳಗೇ ಇದ್ದರೆ ದೊಡ್ಡದು. ಕೊನೆಗೊಮ್ಮೆ, ನೀವು ಪಕ್ಕದಲ್ಲೇ ಇದ್ದು, ಥರ್ಮೋಸ್ಟಾಟ್ ತಪ್ಪಿಸಿ ಹೀಟರನ್ನು ಎರಡು ಗಂಟೆ ನೇರವಾಗಿ ಓಡಿಸಿ ನೋಡಿ. ಆಗ ತಂಪು ತುದಿಯೂ 35 ಡಿಗ್ರಿ ದಾಟಿದರೆ ಹಾವಿಗೆ ಓಡಿಹೋಗಲು ಜಾಗವೇ ಇಲ್ಲ, ಕಡಿಮೆ ವಾಟಿನದಕ್ಕೆ ಬದಲಿಸಿ.

ಅಳೆಯಲು ಡಯಲ್ ಥರ್ಮಾಮೀಟರ್ ಸಾಲದು, ಹಲವು ಡಿಗ್ರಿ ತಪ್ಪು ತೋರಿಸುತ್ತದೆ. ಪ್ರೋಬ್ ಇರುವ ಎರಡು ಡಿಜಿಟಲ್ ಥರ್ಮಾಮೀಟರ್, ನೆಲದ ಬಿಸಿಗೆ ಮುಟ್ಟದೆಯೇ ದೂರದಿಂದ ಅಳೆಯುವ ಒಂದು ಇನ್‌ಫ್ರಾರೆಡ್ ಗನ್ ಇದ್ದರೆ ಸಾಕು. ಗನ್ನನ್ನು ಗಾಜಿನ ಹೊರಗಿನಿಂದ ಹಿಡಿದರೆ ಅದು ಅಳೆಯುವುದು ಗಾಜನ್ನು, ಒಳಗಿನದನ್ನಲ್ಲ. ಬಾಗಿಲು ತೆರೆದೇ ಅಳೆಯಬೇಕು. 12:1 ಎಂದು ಬರೆದಿರುವ ಗನ್ 60 ಸೆಂ.ಮೀ. ದೂರದಿಂದ 5 ಸೆಂ.ಮೀ. ಅಗಲದ ಜಾಗದ ಸರಾಸರಿಯನ್ನು ತೋರಿಸುತ್ತದೆ, ಹತ್ತಿರ ಹಿಡಿದಷ್ಟೂ ಖಚಿತ. ಹೊಳೆಯುವ ಲೋಹದ ಮೇಲೆ ಅದರ ಅಂಕಿ ನಂಬುವಂತಿಲ್ಲ.

ವೈರುಗಳ ಬಗ್ಗೆ ಎರಡೇ ಮಾತು. ಜಾರುವ ಗಾಜಿನ ಬಾಗಿಲಿನ ಸಂದಿಯಲ್ಲಿ ವೈರ್ ಎಳೆದರೆ ಮೇಲಿನ ಕವಚ ಸವೆಯುತ್ತದೆ, ಬೇರೆ ತೂತು ಕೊರೆದು ರಬ್ಬರ್ ಬಳೆ ಹಾಕಿ. ಸಾಕೆಟ್ಟಿಗೆ ಹೋಗುವ ಮುಂಚೆ ವೈರನ್ನು ಕೆಳಕ್ಕೆ ಜೋಲುಬಿಟ್ಟು ಮೇಲಕ್ಕೆ ತನ್ನಿ, ಚೆಲ್ಲಿದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನವರೆಗೆ ಹರಿಯುವುದಿಲ್ಲ.

ಮೂರು ತಿಂಗಳಿಗೊಮ್ಮೆ ಪ್ರೋಬನ್ನೂ ಪರೀಕ್ಷಿಸಬೇಕು. ಒಂದು ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ, ಅದು ಮುಳುಗುವಷ್ಟು ಮಾತ್ರ ನೀರು. ಐದು ನಿಮಿಷ ಬಿಟ್ಟು, ನೀರು ತಡೆಯುವ ಪ್ರೋಬಾದರೆ ಅದರ ಮೂತಿಯನ್ನು ನಡುವೆ ಮುಳುಗಿಸಿ ಕದಡಿ. ಅಂಕಿ ಸೊನ್ನೆಯ ಹತ್ತಿರ ನಿಲ್ಲಬೇಕು. ಒಂದು ಡಿಗ್ರಿ ಆಚೀಚೆ ಇದ್ದರೆ ಯಂತ್ರದ ಕ್ಯಾಲಿಬ್ರೇಶನ್ ಸೆಟ್ಟಿಂಗ್‌ನಲ್ಲಿ ಸರಿಪಡಿಸಿಕೊಳ್ಳಿ. ಎರಡು ಡಿಗ್ರಿಗಿಂತ ಹೆಚ್ಚು ತಪ್ಪಿದರೆ, ಅಥವಾ ಅಂಕಿ ಒಂದು ಕಡೆ ನಿಲ್ಲದೆ ಕುಣಿಯುತ್ತಿದ್ದರೆ, ಪ್ರೋಬ್ ಬದಲಿಸುವ ತನಕ ಆ ಹೀಟರನ್ನು ಹಚ್ಚಬೇಡಿ.